ಕೊಳವೆ ಬಾವಿ ಸ್ಥಳ ಆಯ್ಕೆಗೆ ಭೂಭೌತ ಸಮೀಕ್ಷೆ: ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳು

ಭೂಮಿಯನ್ನು ಅಗೆಯದೆ ಅದರ ಒಳರಚನೆಯನ್ನು ಅಂದಾಜಿಸುವ ಕ್ರಮಕ್ಕೆ ಭೂಭೌತ ಸಮೀಕ್ಷೆ ಎಂದು ಹೆಸರು. ಹಾವೇರಿ ಜಿಲ್ಲೆಯ ಸದರಿ ತಾಲ್ಲೂಕುಗಳಲ್ಲಿ ಇದನ್ನು ಮುಖ್ಯವಾಗಿ ಕೊಳವೆ ಬಾವಿಯ ಸ್ಥಳ ಗುರುತಿಸಲು ಬಳಸಲಾಗುತ್ತದೆ.

ನೆಲದಡಿಯಲ್ಲಿ ನೀರು ನದಿಯಂತೆ ಹರಿಯುತ್ತದೆ ಎಂಬ ನಂಬಿಕೆ ರೈತರಲ್ಲಿ ಸಾಮಾನ್ಯ. ಸುಣ್ಣಕಲ್ಲಿನ ಪ್ರದೇಶದಲ್ಲಿ ಇದು ಸಾಧ್ಯ. ಅಲ್ಲಿ ಮಳೆನೀರು ಕಲ್ಲನ್ನು ಕರಗಿಸಿ ಗುಹೆ ಹಾಗೂ ಕುಸಿತದ ಗುಂಡಿಗಳನ್ನು ಉಂಟುಮಾಡುತ್ತದೆ. ನೆರೆಯ ಉತ್ತರ ಕನ್ನಡ ಜಿಲ್ಲೆಯ ಯಾಣದ ಶಿಲೆಗಳು ಸುಣ್ಣಕಲ್ಲಿನವು. ಆದರೆ ಈ ನಾಲ್ಕು ತಾಲ್ಲೂಕುಗಳಲ್ಲಿರುವುದು ಪ್ರಧಾನವಾಗಿ ಪದರುಶಿಲೆ, ಗ್ರೇವ್ಯಾಕ್ ಮತ್ತು ನೈಸ್ ಎಂಬ ಗಟ್ಟಿ ಶಿಲೆಗಳು. ಇಲ್ಲಿ ನೀರು ದೊರೆಯುವುದು ಮೇಲ್ಭಾಗದ ಶಿಥಿಲ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಆದುದರಿಂದಲೇ ಪಕ್ಕದ ಹೊಲದಲ್ಲಿ ನೀರು ಬಿದ್ದಿದ್ದರೂ ಅಲ್ಲಿಂದ ಕೆಲವೇ ಮೀಟರ್ ದೂರದಲ್ಲಿ ಕೊರೆಸಿದ ಬಾವಿ ವಿಫಲವಾಗುವುದುಂಟು.

ಹೆಚ್ಚಾಗಿ ಅನುಸರಿಸುವ ವಿಧಾನ ವಿದ್ಯುತ್ ನಿರೋಧಕತೆಯ ಮಾಪನ. ನೆಲಕ್ಕೆ ನಾಲ್ಕು ಲೋಹದ ಗೂಟಗಳನ್ನು ಒಂದೇ ಸಾಲಿನಲ್ಲಿ ನೆಟ್ಟು, ಹೊರಗಿನ ಎರಡರ ಮೂಲಕ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವಣ ವೋಲ್ಟೇಜನ್ನು ಅಳೆಯಲಾಗುತ್ತದೆ. ಗೂಟಗಳ ಅಂತರವನ್ನು ಹೆಚ್ಚಿಸಿದಂತೆ ಹೆಚ್ಚಿನ ಆಳದ ಮಾಹಿತಿ ಲಭಿಸುತ್ತದೆ. ಬಿರುಕಿಲ್ಲದ ಒಣ ಶಿಲೆಯ ನಿರೋಧಕತೆ ಅಧಿಕವಾಗಿಯೂ ನೀರು ತುಂಬಿದ ಶಿಥಿಲ ಶಿಲೆಯದು ಕಡಿಮೆಯಾಗಿಯೂ ಇರುತ್ತದೆ. ಜಮೀನಿನ ಬಳಿ ತಂತಿ ಬೇಲಿ, ಹೂಳಿದ ಲೋಹದ ಪೈಪು ಅಥವಾ ವಿದ್ಯುತ್ ಮಾರ್ಗವಿದ್ದಲ್ಲಿ ಮಾಪನ ತಪ್ಪುವ ಸಂಭವವಿರುವುದರಿಂದ ಅರ್ಜಿದಾರರು ಅದನ್ನು ಭೂವಿಜ್ಞಾನಿಯವರಿಗೆ ಮೊದಲೇ ತಿಳಿಸತಕ್ಕದ್ದು.

ಜೇಡಿಮಣ್ಣು ಮತ್ತು ಉಪ್ಪುನೀರು ಸಹ ಕಡಿಮೆ ನಿರೋಧಕತೆಯನ್ನೇ ತೋರಿಸುತ್ತವೆ; ಆಳದಲ್ಲಿರುವ ಕಿರಿದಾದ ಬಿರುಕುಗಳು ಮಾಪನಕ್ಕೆ ಸಿಗದೆ ಹೋಗಬಹುದು. ಹೀಗಾಗಿ ಸಮೀಕ್ಷಾ ವರದಿಯು ಎಷ್ಟು ಇಂಚು ನೀರು ಬೀಳುತ್ತದೆ ಎಂಬುದಕ್ಕೆ ಖಾತರಿಯಲ್ಲ. ಸಾಲ ಮಾಡಿ ಕೊರೆಸುವವರು ಇದನ್ನು ವಿಶೇಷವಾಗಿ ಗಮನಿಸುವುದು ಒಳಿತು. ತೆಂಗಿನಕಾಯಿ ಹಿಡಿದು ನೀರು ನೋಡುವ ರೂಢಿಗೆ ವೈಜ್ಞಾನಿಕ ಆಧಾರವಿರುವುದಿಲ್ಲ.

ಸರ್ವೋಚ್ಚ ನ್ಯಾಯಾಲಯದ 2010ರ ಮಾರ್ಗಸೂಚಿಯನ್ವಯ ಕೊರೆಯುವ 15 ದಿನ ಮುಂಚಿತವಾಗಿ ಜಮೀನಿನ ಮಾಲೀಕರು ಸಂಬಂಧಪಟ್ಟ ಪ್ರಾಧಿಕಾರಕ್ಕೆ ಲಿಖಿತ ಮಾಹಿತಿ ನೀಡಬೇಕು. ವಿಫಲವಾದ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಿಸತಕ್ಕದ್ದು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ತೆರೆದ ಕೊಳವೆ ಬಾವಿಗೆ ಬಿದ್ದ ಮಗುವನ್ನು ಸುಮಾರು 20 ಗಂಟೆಗಳ ಕಾರ್ಯಾಚರಣೆಯ ನಂತರ ಜೀವಂತವಾಗಿ ಹೊರತೆಗೆಯಲಾಯಿತು.