ಹೊಳೆಯಾಚೆಯ ಆಸ್ಪತ್ರೆ

ಅಜ್ಜಯ್ಯನಿಗೆ ಲಕ್ವ ಹೊಡೆದದ್ದು ಬ್ರಹ್ಮಾವರದ ನಮ್ಮ ಮನೆಯ ಚಾವಡಿಯಲ್ಲಿ, ಬೆಳಗಿನ ಗಂಜಿ ಉಣ್ಣುವಾಗ. ಬಲಗೈ ಬಟ್ಟಲಿಗೆ ಜಾರಿತು, ತುಟಿಯ ಮೂಲೆಯಿಂದ ಗಂಜಿತಿಳಿ ಇಳಿಯಿತು. "ಬಾಯಿ ಸೊಟ್ಟ ಆಯ್ತ್ ಕಾಣಿ!" ಎಂದು ಅಮ್ಮಮ್ಮ ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಉಡುಪಿಯಲ್ಲಿ 1923ರಿಂದಲೇ ಲೊಂಬಾರ್ಡ್ ಆಸ್ಪತ್ರೆ ಇತ್ತು. ಆದರೆ ಕಲ್ಯಾಣಪುರದಲ್ಲಿ ಸ್ವರ್ಣಾ ಹೊಳೆಗೆ ಸೇತುವೆ ಇರಲಿಲ್ಲ, ದೋಣಿಯಲ್ಲಿ ದಾಟಬೇಕಿತ್ತು. ಹಾಗಾಗಿ ಪಂಡಿತರು ಬಂದರು, ಬಿಸಿ ಎಣ್ಣೆ ತಿಕ್ಕಿದರು. ಕೈಕಾಲು ತುಸು ಆಡಿತು, ಮಾತು ಮರಳಲಿಲ್ಲ. ಅವರನ್ನು ದೂರಲಾರೆ, ಅವರು ಬಲ್ಲದ್ದನ್ನೆಲ್ಲ ಮಾಡಿದರು.

1954ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಸರ್ಜನರು ಲಕ್ವ ತಡೆಯಲೆಂದು ಕುತ್ತಿಗೆಯ ಕೆರೋಟಿಡ್ ರಕ್ತನಾಳದ ಕಟ್ಟಿಕೊಂಡ ಭಾಗವನ್ನೇ ಕತ್ತರಿಸಿ ತೆಗೆದು, ತುದಿಗಳನ್ನು ಜೋಡಿಸಿದ್ದರು. ಅದಕ್ಕೆ ಒಂದು ವರ್ಷ ಮೊದಲು, 1953ರಲ್ಲಿ, ಟಿ.ಎಂ.ಎ. ಪೈಗಳು ಮಣಿಪಾಲದ ಗುಡ್ಡದಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ತೆರೆದರು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಲಕ್ವಕ್ಕೆ ನಾಟುತ್ತದೆಂದು ಖಚಿತವಾಗಲು 1995 ಆಗಬೇಕಾಯಿತು. ಅದನ್ನೂ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. 2008ರಿಂದ ನಮ್ಮಲ್ಲಿ 108 ಆಂಬುಲೆನ್ಸ್ ಓಡುತ್ತಿದೆ.

ನನಗೂ ಬಿಪಿ. ಹೋದ ಮಳೆಗಾಲ ಕುತ್ತಿಗೆಗೆ ತಣ್ಣನೆಯ ಜೆಲ್ ಹಚ್ಚಿ ಡಾಪ್ಲರ್ ಸ್ಕ್ಯಾನ್ ಮಾಡಿದರು. ಮೆಷಿನ್ನಿನಿಂದ ಹೊಮ್ಮಿದ್ದು ನನ್ನದೇ ರಕ್ತದ ಸದ್ದು: ಉಶ್, ಉಶ್, ದೋಣಿಯ ಹುಟ್ಟು ನೀರೆಳೆದ ಹಾಗೆ.