ಸಿದ್ದಿ ಜನರೂ ನೋಟದ ದೋಷವೂ

ರಾಷ್ಟ್ರಧ್ವಜವನ್ನು ಹೊಲಿದುಕೊಡುವ ಖಾದಿ ಸಂಘವು ಬೆಂಗೇರಿಯಲ್ಲಿರುವದು ಸರ್ವಶ್ರುತವು. ಅಲ್ಲಿ ಅರಿವೆಯ ನೂಲು, ಬಣ್ಣ, ಅಳತೆಗಳಲ್ಲಿಯ ದೋಷವನ್ನು ಪರೀಕ್ಷಿಸಿ ತೆಗೆಯುವರು. ಮನಸ್ಸಿನ ದೋಷವು ಹಾಗೆ ಕಣ್ಣಿಗೆ ಬೀಳುವಂಥದಲ್ಲ. ಇದೇ ಧಾರವಾಡ ಜಿಲ್ಲೆಯಲ್ಲಿಯೂ, ಯಲ್ಲಾಪುರ ಹಳಿಯಾಳಗಳ ಅಡವಿಯಲ್ಲಿಯೂ ವಾಸಿಸುವ ಸಿದ್ದಿ ಜನರ ವೃತ್ತಾಂತವೇ ಇದಕ್ಕೆ ಸಾಕ್ಷಿಯು.

ಇವರ ಪೂರ್ವಜರು ಆಫ್ರಿಕಾ ಖಂಡದವರು. ಬಹುಜನರನ್ನು ಪೋರ್ತುಗೀಜರು ದಾಸರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರು ಘಟ್ಟದ ಕಾಡನ್ನು ಸೇರಿದರು. ತಲೆತಲಾಂತರದಿಂದ ಕನ್ನಡ ಕೊಂಕಣಿಗಳನ್ನಾಡುವ ಇವರು ಪೇಟೆಗೆ ಬಂದರೆ ‘ಯಾವ ದೇಶದವರು?’ ಎಂದು ಕೇಳುವವರುಂಟು. ಕೇಳಿದವನಲ್ಲಿ ದ್ವೇಷವಿರಲಿಕ್ಕಿಲ್ಲ, ಮೈಬಣ್ಣವನ್ನೂ ಕೂದಲನ್ನೂ ಕಂಡೊಡನೆ ‘ಪರಕೀಯ’ನೆಂಬ ಭಾವವು ಅವನ ಅರಿವಿಗೆ ಬಾರದೆಯೇ ಮೂಡಿರುವದು. ಹೊಗಳಿಕೆಯಲ್ಲಿಯೂ ಇದು ಅಡಗಿರಬಹುದು. 1980ರ ದಶಕದಲ್ಲಿ ಭಾರತ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆಟೋಟಗಳ ಶಿಕ್ಷಣಕ್ಕೆ ಆಯ್ದಾಗ, ಆಫ್ರಿಕಾ ಮೂಲದವರಿಗೆ ಓಟವು ಹುಟ್ಟುಗುಣವೆಂಬ ಎಣಿಕೆಯೇ ಅದರ ಬುಡದಲ್ಲಿತ್ತು. ಓದಿನಲ್ಲಿ ಜಾಣರಿರಬಹುದೆಂದು ಹುಡುಕಿದವರು ವಿರಳ!

12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಗೋಷ್ಠಿ ಕೂಡಿದ್ದು ಪರರನ್ನು ತಿದ್ದಲಿಕ್ಕಲ್ಲ. ನಾನಾ ಕಾಯಕದವರು ಸಮಪಂಕ್ತಿಯಲ್ಲಿ ಕುಳಿತು ತಂತಮ್ಮ ಮನವನ್ನು ಒರೆಗೆ ಹಚ್ಚುವದಕ್ಕೆ. ಶ್ರೀಮಠಗಳ ಅನುಭಾವಗೋಷ್ಠಿಗಳಲ್ಲಿ ಇಂದು ಸಿದ್ದಿಯು ಚರ್ಚೆಯ ವಿಷಯವಾಗಿ ಅಲ್ಲ, ಮಾತನಾಡುವವನಾಗಿಯೇ ಕೂಡ್ರಬೇಕಾಗಿದೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಧಾರವಾಡ ಬೆಳಗಾವಿ ಜಿಲ್ಲೆಗಳವರು 2020ರಲ್ಲಿ. ಅದೇ ವರ್ಷ ಶ್ರೀ ಶಾಂತಾರಾಮ ಸಿದ್ದಿಯವರು ವಿಧಾನಪರಿಷತ್ತಿಗೆ ನಾಮನಿರ್ದೇಶಿತರಾದರು. ರಾಜ್ಯದ ಶಾಸನಮಂಡಲದಲ್ಲಿ ಸಿದ್ದಿಯೊಬ್ಬರು ಕುಳಿತದ್ದು ಅದೇ ಮೊದಲು.