ಕಾರಿನಲ್ಲಿ ಕನ್ನಡದ ದನಿ: ಸಿಡ್ನಿ–ಮೆಲ್ಬರ್ನ್ ಬಾನುಲಿಯ ಅರ್ಧ ಶತಮಾನ



ಪರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳು ದಿನದ ಬಹುಭಾಗ ಇಂಗ್ಲಿಷನ್ನೇ ಕೇಳುತ್ತಾರೆ. ತಂದೆತಾಯಿಯರ ಜೊತೆ ಅವರು ಬೇರೆ ಕೆಲಸವಿಲ್ಲದೆ ಕುಳಿತಿರುವ ಸ್ಥಳವೆಂದರೆ ಕಾರಿನ ಹಿಂದಿನ ಆಸನ. ಶಾಲೆಗೆ, ಈಜಿಗೆ, ಸಂಗೀತದ ಪಾಠಕ್ಕೆ ಹೋಗಿಬರುವ ಆ ಅರ್ಧ ಗಂಟೆಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಅದೇ ಒಂದು ಪಾಠಶಾಲೆ. ಆದುದರಿಂದ ಕಾರಿನ ಬಾನುಲಿಯ ಧ್ವನಿ ಎಷ್ಟು ಸ್ಫುಟವಾಗಿದೆ ಎಂಬುದು ಶೋಕಿಯ ಪ್ರಶ್ನೆಯೆಂದು ನಾವು ಭಾವಿಸುವುದಿಲ್ಲ. ಅದು ಉಚ್ಚಾರಣೆಯ ಪ್ರಶ್ನೆ.

ಇದಕ್ಕೆ ಕಾರಣ ಸರಳವಾದುದು. ‘ಸ’ಕಾರದ ಶಕ್ತಿಯ ಹೆಚ್ಚಿನ ಪಾಲು ಸೆಕೆಂಡಿಗೆ 4000 ಕಂಪನಗಳಿಗಿಂತ ಮೇಲಿರುತ್ತದೆ, ‘ಶ’ಕಾರದ್ದು ಅದಕ್ಕಿಂತ ಕೆಳಗೇ ಆರಂಭವಾಗುತ್ತದೆ. ಮೇಲಿನ ಕಂಪನಗಳನ್ನು ಕತ್ತರಿಸಿದರೆ ಇವೆರಡರ ಅಂತರ ಮಸುಕಾಗುತ್ತದೆ. ಹಳೆಯ ದೂರವಾಣಿ 3400ರ ಆಚೆಗಿನದನ್ನು ಸಾಗಿಸುತ್ತಿರಲಿಲ್ಲ. ನಮ್ಮ ಹೆಸರುಗಳನ್ನು ಅಕ್ಷರಕ್ಷರವಾಗಿ ಹೇಳುವಾಗ ‘ಎಸ್’ ಎಂದರೆ ‘ಎಫ್’ ಎಂದು ಬರೆದುಕೊಳ್ಳುತ್ತಿದ್ದುದು ನಮ್ಮಲ್ಲಿ ಯಾರಿಗೆ ತಿಳಿಯದು? ಸಕಲವೆಂದರೆ ಎಲ್ಲವೂ, ಶಕಲವೆಂದರೆ ಚೂರು. ಊರಿನಲ್ಲಿ ಬೆಳೆದವರು ಸಂದರ್ಭದಿಂದ ಊಹಿಸಿಕೊಳ್ಳುತ್ತಾರೆ. ಇಲ್ಲಿ ಹುಟ್ಟಿದ ಮಗುವಿಗೆ ಆ ಆಧಾರವಿಲ್ಲ; ಅದು ಕೇಳಿದ್ದನ್ನೇ ಕಲಿಯುತ್ತದೆ.

ಈ ದೃಷ್ಟಿಯಿಂದ ಆಸ್ಟ್ರೇಲಿಯದ ಬಾನುಲಿಯ ಇತಿಹಾಸವನ್ನು ಅವಲೋಕಿಸೋಣ. ಎಫ್‌ಎಂ ಪ್ರಸಾರದ ಪ್ರಯೋಗ ಈ ದೇಶದಲ್ಲಿ 1947ರಲ್ಲೇ ಆರಂಭವಾಗಿತ್ತು. 1961ರಲ್ಲಿ ಅದನ್ನು ನಿಲ್ಲಿಸಿ ಆ ತರಂಗಗಳ ಜಾಗವನ್ನು ದೂರದರ್ಶನಕ್ಕೆ ಬಿಟ್ಟುಕೊಡಲಾಯಿತು. 1974ರ ಡಿಸೆಂಬರ್ 15ರಂದು ಸಿಡ್ನಿಯ 2 ಎಂ.ಬಿ.ಎಸ್. ಕೇಂದ್ರದಿಂದ ಎಫ್‌ಎಂ ಮರುಹುಟ್ಟು ಪಡೆಯಿತು. 1975ರ ಜುಲೈನಲ್ಲಿ ಮೆಲ್ಬರ್ನ್‌ನ 3 ಎಂ.ಬಿ.ಎಸ್. ಹಿಂಬಾಲಿಸಿತು. ಎರಡೂ ಶಾಸ್ತ್ರೀಯ ಸಂಗೀತದ ರಸಿಕರು ಕಟ್ಟಿದ ಕೇಂದ್ರಗಳು.

ಅದೇ 1975ರ ಜೂನ್ 9ರಂದು ಸಿಡ್ನಿಯಲ್ಲಿ 2 ಇ.ಎ., ಜೂನ್ 23ರಂದು ಮೆಲ್ಬರ್ನ್‌ನಲ್ಲಿ 3 ಇ.ಎ. ಎಂಬ ಕೇಂದ್ರಗಳು ಹುಟ್ಟಿದವು. ಹೊಸ ಆರೋಗ್ಯ ಯೋಜನೆಯಾದ ಮೆಡಿಬ್ಯಾಂಕನ್ನು ಇಂಗ್ಲಿಷ್ ಬಾರದ ವಲಸೆಗಾರರಿಗೆ ವಿವರಿಸುವುದು ಅವುಗಳ ಮೊದಲ ಉದ್ದೇಶ. ಸಿಡ್ನಿಯಲ್ಲಿ ಏಳು ಭಾಷೆ, ಮೆಲ್ಬರ್ನ್‌ನಲ್ಲಿ ಎಂಟು. ದಿನಕ್ಕೆ ಹೆಚ್ಚೆಂದರೆ ನಾಲ್ಕು ಗಂಟೆ. ಕನ್ನಡ ಅವುಗಳಲ್ಲಿ ಇರಲಿಲ್ಲ. ಕೆಲವೇ ತಿಂಗಳ ಪ್ರಯೋಗವೆಂದು ಹೊರಟ ಈ ಕೇಂದ್ರಗಳು ಉಳಿದವು. 1978ರ ಜನವರಿ 1ರಂದು ಸ್ಥಾಪಿತವಾದ ಎಸ್‌ಬಿಎಸ್ ಸಂಸ್ಥೆ ಅವುಗಳ ಹೊಣೆ ಹೊತ್ತಿತು. ಮುಂದೆ ಅದರ ಭಾಷೆಗಳ ಪಟ್ಟಿಗೆ ಕನ್ನಡವೂ ಸೇರಿತು.

ಇಲ್ಲೊಂದು ಗಮನಾರ್ಹ ಸಂಗತಿಯಿದೆ. ಸಂಗೀತಕ್ಕೆ ಎಫ್‌ಎಂ ದೊರೆಯಿತು. ವಲಸೆಗಾರರ ಮಾತಿಗೆ ಎಎಂ ಸಾಕೆನಿಸಿತು. ಎಫ್‌ಎಂ 15,000 ಕಂಪನಗಳವರೆಗಿನ ಧ್ವನಿಯನ್ನು ಸಾಗಿಸಬಲ್ಲುದು. ಕಾರಿನ ಸಾಮಾನ್ಯ ಎಎಂ ಗ್ರಾಹಕ ಸುಮಾರು 4000–5000ಕ್ಕೇ ನಿಲ್ಲುತ್ತದೆ. ಅದರ ಮೇಲೆ ಮೆಲ್ಬರ್ನ್‌ನ ಟ್ರಾಮ್ ತಂತಿಗಳ ಕೆಳಗೆ ಗೊರಗೊರ ಸದ್ದು, ಸೇತುವೆಯಡಿ ಮೌನ. ಮಾತಿಗೆ ಸ್ಫುಟತೆ ಬೇಕಿಲ್ಲ ಎಂಬ ಭಾವನೆ ಹೊಸ ಭಾಷೆಗಳ ಕೇಳುಗರಿಗೆ ದುಬಾರಿಯಾದುದು. ಕಾಲಕ್ರಮೇಣ ಈ ಅಂತರ ಕಿರಿದಾಯಿತು. 1989ರಲ್ಲಿ ಮೆಲ್ಬರ್ನ್‌ನ ಬಹುಭಾಷಾ ಸಮುದಾಯ ಕೇಂದ್ರ 3 ಝಡ್.ಝಡ್.ಝಡ್. ಎಫ್‌ಎಂನ 92.3ರಲ್ಲಿ ಪ್ರಸಾರ ಆರಂಭಿಸಿತು. ಎಸ್‌ಬಿಎಸ್‌ಗೂ ಸಿಡ್ನಿಯಲ್ಲಿ 97.7, ಮೆಲ್ಬರ್ನ್‌ನಲ್ಲಿ 93.1 ದೊರೆತವು. ಆದರೆ ಎಫ್‌ಎಂಗೂ ತನ್ನದೇ ತೊಡಕಿದೆ. ಸಿಡ್ನಿಯಂಥ ಏರುತಗ್ಗಿನ ಊರಿನಲ್ಲಿ ಗುಡ್ಡಕ್ಕೂ ಕಟ್ಟಡಕ್ಕೂ ಬಡಿದು ಹಿಂದಿರುಗಿದ ತರಂಗ ನೇರ ತರಂಗದೊಡನೆ ಸೆಣಸುತ್ತದೆ. ಚಲಿಸುವ ಕಾರಿನಲ್ಲಿ ಧ್ವನಿ ಪಟಪಟನೆ ಕಡಿದುಹೋಗುತ್ತದೆ.

2009ರ ಮೇ ತಿಂಗಳಿನಿಂದ ಸಿಡ್ನಿ, ಮೆಲ್ಬರ್ನ್ ಸೇರಿದಂತೆ ಐದು ರಾಜಧಾನಿಗಳಲ್ಲಿ ಡಿಎಬಿ ಪ್ಲಸ್ ಎಂಬ ಡಿಜಿಟಲ್ ಬಾನುಲಿ ನೆಲೆಗೊಂಡಿತು. ಪ್ರತಿಫಲಿಸಿದ ತರಂಗಗಳನ್ನು ಇದು ಸಹಿಸಿಕೊಳ್ಳುತ್ತದೆ, ಗೊರಗೊರ ಸದ್ದಿಲ್ಲ. ಆದರೆ ಎಫ್‌ಎಂ ನಿಧಾನವಾಗಿ ಕ್ಷೀಣಿಸಿದರೆ ಡಿಜಿಟಲ್ ಒಮ್ಮೆಲೇ ನಿಂತುಬಿಡುತ್ತದೆ. ಹಲವು ವಾಹಿನಿಗಳು ಒಂದೇ ಪ್ರಸಾರದ ಜಾಗವನ್ನು ಹಂಚಿಕೊಳ್ಳುವುದರಿಂದ ಯಾರಿಗೆ ಎಷ್ಟು ಪಾಲು ಎಂಬ ಹಳೆಯ ಪ್ರಶ್ನೆ ಇಲ್ಲಿಯೂ ತಪ್ಪಿಲ್ಲ. ಸಿಡ್ನಿಯಿಂದ ಮೆಲ್ಬರ್ನ್‌ಗೆ ಹ್ಯೂಮ್ ಹೆದ್ದಾರಿಯಲ್ಲಿ ಸುಮಾರು 880 ಕಿಲೋಮೀಟರ್ ಸಾಗುವವರಿಗೆ ನಗರ ದಾಟುತ್ತಲೇ ಈ ದನಿ ಮಾಯವಾಗುತ್ತದೆ.

ಹಾಗಾದರೆ ಉಪಗ್ರಹ? ಅಮೆರಿಕದ ಕನ್ನಡಿಗರು ಕಾರಿನಲ್ಲಿ ಉಪಗ್ರಹ ಬಾನುಲಿಯನ್ನು 2001ರಿಂದ ಬಲ್ಲರು. ಅಲ್ಲಿನ ಎಕ್ಸ್‌ಎಂ ಮತ್ತು ಸಿರಿಯಸ್ ಸಂಸ್ಥೆಗಳು 2008ರಲ್ಲಿ ಒಂದಾದವು. ಅಂಥ ಸೇವೆ ಆಸ್ಟ್ರೇಲಿಯದ ಕಾರುಗಳಿಗೆ ಬರಲಿಲ್ಲ. ಕನ್ನಡಕ್ಕೆ ಮಾತ್ರ ಉಪಗ್ರಹದ ಯೋಗ ಒಮ್ಮೆ ಕೂಡಿಬಂದಿತ್ತು. 2000ದ ಮಾರ್ಚ್‌ನಲ್ಲಿ ಉಡಾವಣೆಗೊಂಡ ಏಷ್ಯಾಸ್ಟಾರ್ ಉಪಗ್ರಹದ ಮೂಲಕ ವರ್ಲ್ಡ್‌ಸ್ಪೇಸ್ ಸಂಸ್ಥೆ ಭಾರತದ ಭಾಷೆಗಳಿಗೆ ವಾಹಿನಿಗಳನ್ನು ನಡೆಸಿತು. ಕನ್ನಡದ ವಾಹಿನಿಯ ಹೆಸರು ‘ಸ್ಪರ್ಶ’. ಸಂಸ್ಥೆ 2008ರಲ್ಲಿ ದಿವಾಳಿಯ ಅರ್ಜಿ ಸಲ್ಲಿಸಿತು. 2009ರ ಡಿಸೆಂಬರ್ 31ಕ್ಕೆ ಭಾರತದ ಸೇವೆ ನಿಂತಿತು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ 30 ವಾಟ್‌ನ ಪ್ರೇಷಕವನ್ನಿಟ್ಟು ಆರಂಭಿಸಿದ ಬಾನುಲಿಗೆ ‘ಆಕಾಶವಾಣಿ’ ಎಂಬ ಹೆಸರು ಬಂದಿತಷ್ಟೆ. ನಿಜವಾಗಿಯೂ ಆಕಾಶದಿಂದ ಇಳಿದ ಕನ್ನಡವಾಣಿ ಹತ್ತು ವರ್ಷವೂ ಬಾಳಲಿಲ್ಲ. ನೆಲದ ಮೇಲೆ ಸಮುದಾಯ ಕಟ್ಟಿಕೊಂಡ ಕೇಂದ್ರಗಳು ಬಾಳಿದವು. ಈ ಪಾಠ ಮರೆಯತಕ್ಕದ್ದಲ್ಲ.

ಇಂದು ಹೆಚ್ಚಿನ ಕನ್ನಡ ನಮ್ಮ ಕಾರನ್ನು ತಲಪುವುದು ಮೊಬೈಲಿನ ಮೂಲಕ. ಇಲ್ಲಿ ಧ್ವನಿಯನ್ನು ಕೆಡಿಸುವುದು ಸರಪಳಿಯ ದುರ್ಬಲ ಕೊಂಡಿ. ದೂರದ ಪ್ರಯಾಣಕ್ಕೆ ಹೊರಡುವ ಮುನ್ನ ಕಾರ್ಯಕ್ರಮವನ್ನು ಮನೆಯಲ್ಲೇ ಮೊಬೈಲಿಗೆ ಇಳಿಸಿಕೊಂಡರೆ ದಾರಿಯಲ್ಲಿ ಕಡಿಯುವ ಪ್ರಮೇಯವಿಲ್ಲ. ಹಳೆಯ ಕಾರಿನಲ್ಲಿ ಸಿಗರೇಟ್ ಲೈಟರಿಗೆ ಸಿಕ್ಕಿಸುವ ಚಿಕ್ಕ ಎಫ್‌ಎಂ ಪ್ರೇಷಕಕ್ಕಿಂತ ನೇರ ತಂತಿಯ ಜೋಡಣೆ ಮೇಲು. ಮೊದಲನೆಯದರಲ್ಲಿ ಬೇರೆ ಕೇಂದ್ರಗಳ ದನಿ ನುಸುಳುತ್ತದೆ. ಡಿಎಬಿ ಆಂಟೆನಾವನ್ನು ಗಾಜಿಗೆ ಅಂಟಿಸುವಾಗ ಲೋಹಲೇಪದ ಭಾಗವನ್ನು ತಪ್ಪಿಸಬೇಕು. ಮಾತಿನ ಕಾರ್ಯಕ್ರಮಕ್ಕೆ ಮಂದ್ರವನ್ನು, ಎಂದರೆ ಬೇಸನ್ನು, ಕೊಂಚ ಇಳಿಸಿದರೆ ಎಂಜಿನ್ ಮತ್ತು ರಸ್ತೆಯ ಗದ್ದಲದ ನಡುವೆಯೂ ವ್ಯಂಜನಗಳು ತಿಳಿಯಾಗುತ್ತವೆ. ಮುಖ್ಯವಾಗಿ, ಧ್ವನಿಯನ್ನು ಹಿಂದಿನ ಸ್ಪೀಕರುಗಳಿಗೂ ಹಂಚಿರಿ. ಪಾಠ ಕೇಳಬೇಕಾದವರು ಅಲ್ಲಿದ್ದಾರೆ.

ಆದರೆ ಮೈಕಿನ ಮುಂದೆ ಮಸುಕಾದುದನ್ನು ಯಾವ ಸ್ಪೀಕರೂ ತಿದ್ದಲಾರದು. ಬಿಡುವಿನ ವೇಳೆಯಲ್ಲಿ ಕಾರ್ಯಕ್ರಮ ಸಿದ್ಧಪಡಿಸುವ ನಮ್ಮ ಕಾರ್ಯಕರ್ತರಿಗೆ ಒಳ್ಳೆಯ ಮೈಕು, ಪ್ರತಿಧ್ವನಿಯಿಲ್ಲದ ಕೊಠಡಿ, ಎಚ್ಚರದ ಉಚ್ಚಾರಣೆ ಇವು ಒದಗಬೇಕು. ಸಂಘಗಳು ತಮ್ಮ ಹಣದಲ್ಲಿ ಒಂದಿಷ್ಟನ್ನು ಇದಕ್ಕೆ ಎತ್ತಿಡುವುದು ಉಚಿತ. 1975ರಲ್ಲಿ ನಾಲ್ಕು ಗಂಟೆಗಳ ಪ್ರಯೋಗ ಉಳಿದುದು ಜನರು ಅದನ್ನು ಕೇಳಿದ್ದರಿಂದ, ತಮ್ಮದೆಂದು ಬಗೆದುದರಿಂದ. ಹಿಂದಿನ ಆಸನದಲ್ಲಿ ಕುಳಿತು ಕೇಳಿದ ಮಕ್ಕಳಲ್ಲಿ ಕೆಲವರಾದರೂ ನಾಳೆ ಆ ಮೈಕಿನ ಮುಂದೆ ಕುಳಿತು ‘ಶ’ವನ್ನು ‘ಶ’ವಾಗಿ, ‘ಸ’ವನ್ನು ‘ಸ’ವಾಗಿ ನುಡಿಯಲಿ ಎಂಬುದೇ ನಮ್ಮ ಹಾರೈಕೆ.